ರೇವಪ್ಪನವರ ತುಪ್ಪಟದ ನೊಣ

ಮಿರಜ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಸಾಂಗ್ಲಿಯ ಕಚೇರಿಗೆ ಬಂದು ಬಿದ್ದ ಹಳೆಯ ಗುಮಾಸ್ತರಲ್ಲಿ ನಮ್ಮ ರೇವಪ್ಪನವರೂ ಒಬ್ಬರು. ಸಂಬಳವಿದೆ, ಕುರ್ಚಿಯಿದೆ, ಕೆಲಸ ಮಾತ್ರ ಇಲ್ಲ. ಫಾಲ್ಗುಣದಲ್ಲಿ ಕೃಷ್ಣೆ ತಿಳಿಯಾದದ್ದೇ ತಡ, ರವಿವಾರ ಬೆಳಗಾದರೆ ಕಸಬೆ ಡಿಗ್ರಜ ಹಳ್ಳಿಯ ಹತ್ತಿರ ಮೊಳಕಾಲುದ್ದ ನೀರಿಗಿಳಿದು ನಿಲ್ಲುತ್ತಾರೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ! ಮೀನನ್ನು ಮರುಳುಮಾಡಲೆಂದು ಕುರಿಯ ತುಪ್ಪಟಕ್ಕೆ ಅರಿಸಿನ ಹಚ್ಚಿ ಅವರು ಗಾಳದ ತುದಿಗೆ ಕಟ್ಟುವ ಹುಸಿ ನೊಣದ ಜೊತೆ ನಿಜವಾದ ನೊಣಗಳೇ ಬೀಗತನ ಬೆಳೆಸಲು ಬರುತ್ತವೆ. ಅದನ್ನು ನೀರಿಗೆಸೆದು, ಮಿರಜದಲ್ಲಿ ಅರ್ಜಿದಾರರನ್ನು ಕರೆಯುತ್ತಿದ್ದ ದನಿಯಲ್ಲೇ, "ಬರ್ರಿ, ಏನಾಗಬೇಕಾಗಿತ್ತು?" ಎನ್ನುತ್ತಾರೆ. ಮೀನು ಜಗ್ಗಿ ತಪ್ಪಿಸಿಕೊಂಡರೆ, "ಭಾಳ ಉಪಕಾರ ಆತ್ರೀ" ಎಂದು ಕೈಮುಗಿಯುತ್ತಾರೆ. ಇದುವರೆಗೆ ಒಂದು ಮೀನೂ ದಡ ಕಂಡಿಲ್ಲ. ದಂಡೆಯಲ್ಲಿ ಕುರಿ ಮೇಯಿಸುವ ತಂಗೆವ್ವ, "ಕಾಕಾ, ಮೀನ ನಿಮಗಿಂತ ಶಾಣ್ಯಾ ಅದಾವ" ಎಂದು ನಗುತ್ತಾಳೆ. ಅವರ ಜೊತೆ ಹೋಗುವ ನಾನೂ ನಗುತ್ತಿದ್ದೆ. ಮೊನ್ನೆ ಆ ನೊಣವನ್ನು ಬೆರಳಲ್ಲಿ ಹಿಡಿದು ನೋಡಿದೆ. ಒಳಗೆ ಕೊಕ್ಕೆಯೇ ಇರಲಿಲ್ಲ. "ಹಿಡದು ಏನ್ ಮಾಡ್ಲಿ? ನಾವು ತಿನ್ನಾವರಲ್ಲ" ಎಂದರು ರೇವಪ್ಪನವರು, ದಾರ ಸುತ್ತುತ್ತ. "ಆರು ದಿನ ಕಚೇರ್ಯಾಗ ನನ್ನ ಕಡೆ ಯಾರೂ ಬರಂಗಿಲ್ರೀ. ಇಲ್ಲಿ ಯಾರರೆ ಒಬ್ರು ಬಂದು, ಕೈ ಕುಲುಕಿ ಹೋಗ್ತಾರ."