ಬೀರನ ಜವಳ ತೆಗೆಸಿದ ನೀಲ ದೊಡ್ಡವ್ವ

ಹೇಳಿ ನೋಡೋಣ, ನಿಮಗೆ ಗೊತ್ತಿರುವವರಲ್ಲಿ ಎಲ್ಲರಿಗಿಂತ ದೊಡ್ಡ ಅಂಜುಬುರುಕರು ಯಾರು? ಹಲ್ಲಿ ಕಂಡರೆ ಕುರ್ಚಿ ಹತ್ತುವ ನಿಮ್ಮ ಅತ್ತಿಗೆಯನ್ನು ಲೆಕ್ಕಕ್ಕೆ ತರಬೇಡಿ. ಸೂಜಿ ಅಂದ ಕೂಡಲೇ ಕೆಲಸ ನೆನಪಾಗಿ ಎದ್ದು ಹೋಗುವ ನಿಮ್ಮ ಯಜಮಾನರನ್ನೂ ಬಿಡಿ. ನಮ್ಮ ನೀಲ ದೊಡ್ಡವ್ವನ ಮುಂದೆ ಅವರೆಲ್ಲ ಪೈಲ್ವಾನರು.

ಆಕೆ ಗುಡುಗಿಗೆ ಅಂಜುತ್ತಿದ್ದಳು. ಬಾವಿಗೆ, ಬೀದಿನಾಯಿಗೆ, ಪೊಲೀಸ್ ಅಮೀನ ಸಾಹೇಬರ ಕುದುರೆಗೆ, ಸಾಹೇಬರಿಲ್ಲದ ಬರೀ ಕುದುರೆಗೂ ಅಂಜುತ್ತಿದ್ದಳು. ಮಲಗಿದ ಮಕ್ಕಳ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ಇದೆಯೋ ಇಲ್ಲವೋ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನಾನು ಬೇಕಂತಲೇ ಉಸಿರು ಬಿಗಿಹಿಡಿದೆ. ಆಕೆ ಕೂಗಿದ ಕೂಗಿಗೆ ಎದುರುಮನೆಯವರು ರೊಟ್ಟಿ ಬಡಿಯುವ ಕೈಯಲ್ಲೇ ಓಡಿಬಂದರು. ಮೊದಲು ಕಪಾಳಕ್ಕೊಂದು ಬಿತ್ತು. ಆಮೇಲೆ ಬಾಯಿಗೆ ಬೆಲ್ಲ ಬಿತ್ತು.

ಇಂಥವಳ ಮನೆ ತುಂಬ ಮಂದಿಯ ಮಕ್ಕಳು. ನಂಬುತ್ತೀರಾ?

ಆಗ ನಮ್ಮ ಕಡೆ ನಿಜಾಮರ ರಾಜ್ಯ. ದೊಡ್ಡವ್ವ ಮಕ್ತಲದಲ್ಲಿ ಕಂಬಳಿ ವ್ಯಾಪಾರಿಯೊಬ್ಬನ ಹೆಂಡತಿ. ಗಂಡ ಬೇಗ ತೀರಿಹೋದ, ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಉಳಿದದ್ದು ಕಂಬಳಿ ತರುತ್ತಿದ್ದ ಕುರುಬರ ಪರಿಚಯ. ಬೇಸಿಗೆ ಬಂತೆಂದರೆ ಅವರು ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆ ದಾಟಿ ಗದ್ವಾಲ ಸಂಸ್ಥಾನದ ಹೊಲಗಳಲ್ಲಿ ಕುರಿ ತರುಬಲು ಹೋಗುವರು. ಕುರಿ ಮಲಗಿದ ಹೊಲಕ್ಕೆ ಗೊಬ್ಬರ, ಕುರುಬರಿಗೆ ಕಾಳು. ಬಿಸಿಲಲ್ಲಿ ಅಲೆಯಲಾರದ ಜಡ್ಡಿನ ಕೂಸುಗಳನ್ನು ದೊಡ್ಡವ್ವನ ಮನೆಯಲ್ಲಿ ಬಿಟ್ಟು ಹೋಗುವರು, ಮಳೆ ಹಿಡಿಯುವ ಮುಂಚೆ ಬಂದು ಕರೆದೊಯ್ಯುವರು. ಅವ್ವ ಸತ್ತ ಮೇಲೆ ಉಪ್ಪಿನ ಗಾಡಿ ಹೊಡೆಯುತ್ತಿದ್ದ ನಮ್ಮಪ್ಪ ನನ್ನನ್ನೂ ಅಲ್ಲೇ ಬಿಟ್ಟಿದ್ದ. ನನ್ನ ಹೆಸರು ಸಂಗಮ್ಮ. ಆ ಮನೆಯಲ್ಲಿ ಸಂಗಿ.

ಕೂಸನ್ನು ಒಪ್ಪಿಸುವಾಗ ಒಂದು ಪದ್ಧತಿ ಇತ್ತು. ಹೊಸ್ತಿಲ ಮೇಲೆ ನಿಂತು ತಾಯಿ ಒಂದೊಂದಾಗಿ ‘ಬ್ಯಾಡ’ಗಳನ್ನು ಹೇಳುವಳು. “ನಮ್ಮ ಮನಿತನದಾಗ ಕಾಸಿ ಬರಿ ಹಾಕಂಗಿಲ್ಲ.” “ಮಂಗಳವಾರ ಔಷಧ ಕುಡಸಬ್ಯಾಡ.” “ದವಾಖಾನಿ ಬಾಟ್ಲಿ ನೀರು ಬ್ಯಾಡ, ಅದರಾಗ ಏನೇನು ಹಾಕಿರತಾರೋ.” ದೊಡ್ಡವ್ವ ಹೊಸ್ತಿಲ ಈಚೆ ನಿಂತು ಅಷ್ಟನ್ನೂ ಗಟ್ಟಿಯಾಗಿ ತಿರುಗಿ ಹೇಳುವಳು. ಒಂದು ಸಲ ಬಿಟ್ಟರೆ ಹೇಳಿದ್ದನ್ನು ಎಂದೂ ಮೀರಿದವಳಲ್ಲ. ಹೊಳೆಯಾಚೆ ಇರುವ ತಾಯಂದಿರು ನೆಮ್ಮದಿಯಿಂದ ಊಟ ಮಾಡುತ್ತಿದ್ದದ್ದು ಅದೇ ಧೈರ್ಯದ ಮೇಲೆ. ಈಚೆ ಈಕೆಗೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ.

“ಅಂಜಿಕಿ ಬಂದಾಗ ಕುಂತೀವಂದ್ರ ಅದು ನಮ್ಮ ಹೆಗಲ ಮ್ಯಾಲ ಕುಂದರತೈತಿ. ಎದ್ದು ನಡೀಬೇಕವ್ವ,” ಅನ್ನುತ್ತಿದ್ದಳು. ಅವಳು ನಡೆಯುತ್ತಿದ್ದದ್ದು ದವಾಖಾನೆಗೆ. ಕೆಮ್ಮಾಯಿತೇ, ನಡಿ. ಕಣ್ಣು ಬಂತೇ, ನಡಿ. ಊರಿಗೆ ಸಿಡುಬಿನ ಟೀಕಾ ಹಾಕುವವನು ಬಂದಾಗ ಉಳಿದ ಹೆಂಗಸರು ಮಕ್ಕಳನ್ನು ನೆಲದೊಳಗಿನ ಜೋಳದ ಹಗೇವಿನಲ್ಲಿ ಇಳಿಸಿ ಮೇಲೆ ಕಲ್ಲು ಎಳೆಯುತ್ತಿದ್ದರು. ದೊಡ್ಡವ್ವ ಟೀಕಾ ಬ್ಯಾಡ ಅನ್ನದವರ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, “ನೋಡ್ರಿ, ಏನೂ ಆಗಂಗಿಲ್ಲ” ಎಂದು ಮೊದಲು ತನ್ನ ತೋಳನ್ನೇ ಚಾಚಿದಳು. ಅವನು ತೋಳು ಮುಟ್ಟುವ ಮೊದಲೇ ಧೊಪ್ಪೆಂದು ಬಿದ್ದಳು. ನಾವು ನಗುತ್ತ ನಗುತ್ತ ಗೀರಿಸಿಕೊಂಡೆವು. ಸಂಜೆ ಎದ್ದವಳು ಮೊಸರನ್ನ ಕಲಸಿಕೊಂಡು ಸಿಡುಬಿನ ಅಮ್ಮನ ಕಟ್ಟೆಗೆ ಹೋಗಿ, “ಸಿಟ್ಟಾಗಬ್ಯಾಡ ತಾಯಿ, ಸರಕಾರದವರು ಬಂದಿದ್ರು” ಎಂದು ಕೈಮುಗಿದು ಬಂದಳು.

ಇನ್ನು ಬೀರನ ಸುದ್ದಿ.

ಬೀರ ಮಲ್ಲಪ್ಪ-ಯಲ್ಲವ್ವರ ಮಗ. ಇನ್ನೂ ಮಾತು ತೊದಲುತ್ತಿದ್ದ, ಕಿವಿ ಸೋರುತ್ತಿತ್ತು, ಬೆನ್ನಿನ ತನಕ ಕೂದಲು. ಬಿಟ್ಟು ಹೋಗುವ ದಿನ ಯಲ್ಲವ್ವ ಹೇಳಿದ್ದು ಒಂದೇ ಬ್ಯಾಡ.

“ಏನರ ಮಾಡು ನೀಲಕ್ಕ. ಕಹಿ ಕುಡಸು, ಸೂಜಿ ಚುಚ್ಚಸು. ತಲಿಗೆ ಮಾತ್ರ ಕತ್ತರಿ ಮುಟ್ಟಸಬ್ಯಾಡ. ಈ ಕೂದಲ ನಮ್ದಲ್ಲ, ಬೀರಪ್ಪ ದೇವರದು. ಇದಕ್ಕ ಮುಂಚೆ ಹುಟ್ಟಿದ್ವು ಒಂದೂ ಉಳೀಲಿಲ್ಲ.”

“ತಲಿಗೆ ಕತ್ತರಿ ಮುಟ್ಟಸಂಗಿಲ್ಲ. ಕೇಳಿಸ್ಕೊಂಡೆ ತಂಗಿ.”

ಹುಟ್ಟಿದ ಕೂದಲನ್ನು ಮೊದಲ ಸಲ ತೆಗೆಸುವುದೇ ಜವಳ. ಹರಕೆ ಹೊತ್ತ ಕೂಸಿನ ಜವಳ ದೇವರ ಮುಂದೆಯೇ ಆಗಬೇಕು. ಕೂಸು ಸೋದರಮಾವನ ತೊಡೆಯ ಮೇಲೆ ಕುಳಿತಿರಬೇಕು, ಮೊದಲ ಕುಚ್ಚು ಅವನೇ ಕತ್ತರಿಸಬೇಕು, ಒಂದು ಕೂದಲೂ ನೆಲ ಮುಟ್ಟಬಾರದು. ಬೀರಪ್ಪನ ಗುಡಿ ಹೊಳೆಯಾಚೆ, ಬೀರನ ಮಾವ ಹೊನ್ನಪ್ಪನೂ ಹೊಳೆಯಾಚೆ.

ಆ ವರ್ಷ ಹೊಳೆ ಬೇಗ ಬಂತು, ಕುರುಬರು ಆಚೆಯೇ ಉಳಿದರು. ಇಲ್ಲಿ ಬೀರನ ಕಿವಿ ಸೋರುವುದು ನಿಂತಿತು. ನಾನು ಖುಷಿಪಟ್ಟೆ, ದೊಡ್ಡವ್ವ ಪಡಲಿಲ್ಲ. ಕಿವಿಯ ಹಿಂದೆ ಬಾವು ಎದ್ದು ಕಿವಿಯನ್ನೇ ಮುಂದಕ್ಕೆ ದಬ್ಬಿತು. ಮೈ ಹೆಂಚಿನಂತೆ ಕಾದಿತ್ತು. ಹೊಳೆಯ ದಡಕ್ಕೆ ಕಳಿಸಿದ್ದ ಗಾಡಿ ಹೊಡೆಯುವ ಹನುಮಂತು ತಿರುಗಿ ಬಂದು ತಲೆಯಾಡಿಸಿದ.

“ಹರಗೋಲಿನವ್ರು ನೀರಿಗೆ ಕೈಮುಗದು ದಂಡಿಮ್ಯಾಲ ಕುಂತಾರಬೇ. ಆಚೀ ದಂಡಿನಽ ಕಾಣವಲ್ದು. ಯಾರಿಗೆ ಹೇಳಿ ಕಳಸೂದು?”

“ಹಂಗಾರ ಗಾಡಿ ತಿರುಗಸು. ನಾರಾಯಣಪೇಟಿಗೆ ನಡಿ.”

ಕೂಸನ್ನು ಹಿಡಿದುಕೊಳ್ಳಲು ನನ್ನನ್ನೂ ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಗಾಡಿ ಕುಲುಕಿದಾಗಲೆಲ್ಲ ಬೀರ ಚೀರುತ್ತಿದ್ದ. ನಾರಾಯಣಪೇಟೆಯ ಮಗ್ಗದ ಸದ್ದು ಕೇಳುವ ಹೊತ್ತಿಗೆ ಚೀರುವುದನ್ನು ಬಿಟ್ಟಿದ್ದ. ದೊಡ್ಡವ್ವ ಅವನ ಅಂಗಾಲು ಗಿಲ್ಲಿ ನೋಡಿದಳು. ಕಾಲು ಎಳೆದುಕೊಂಡ, ಅಳಲಿಲ್ಲ.

ದವಾಖಾನೆಯ ಡಾಕ್ಟರು ಹೈದರಾಬಾದಿನವರು, ಎಳೆಯ ವಯಸ್ಸು, ಹಿಂದೂಸ್ತಾನಿ ಬಿಟ್ಟು ಬೇರೆ ಬಾರದು. ಬಾವು ಒತ್ತಿ ನೋಡಿ ಏನೋ ಅಂದರು. ಕಂಪೌಂಡರ್ ಬಸಣ್ಣ ನಮ್ಮವನೇ. ಅವನು ಹೇಳಿದ: “ಕೀವು ಒಳಗ ಇಳಿಯಾಕತ್ತೈತಿ. ಮೆದುಳಿಗೆ ಮುಟ್ಟಿದ್ರ ಮುಗೀತು. ಇವತ್ತಿಂದಿವತ್ತ ಕೊಯ್ಬೇಕಂತ. ಮೊದಲು ತಲಿ ಬೋಳಸಬೇಕು.”

“ಕೂದಲ ಮ್ಯಾಲೆತ್ತಿ ಹಿಡೀತೀನಿ, ಕೆಳಗ ಕೊಯ್ರಿ.”

“ಬದನಿಕಾಯೇನಬೇ ಇದು, ತೊಟ್ಟು ಹಿಡಕೊಂಡು ಕೊಯ್ಯಾಕ?”

ಡಾಕ್ಟರು ದೊಡ್ಡವ್ವನ ಕಡೆ ತಿರುಗಿದರು. “ತೂ ಮಾಂ ಹೈ?”

“ನಹೀ ಸಾಬ್.” ತಾಯಿಯಲ್ಲ.

“ಖಾಲಾ? ದಾದಿ?” ಚಿಗವ್ವನೇ, ಅಜ್ಜಿಯೇ?

“ಕೋಯಿ ನಹೀ ಸಾಬ್.” ಯಾರೂ ಅಲ್ಲ.

“ಫಿರ್ ತೂ ಕೌನ್?” ಹಾಗಾದರೆ ನೀನು ಯಾರು?

ದೊಡ್ಡವ್ವ ಬೀರನಿಗೆ ಏನಾಗಬೇಕು? ರಾತ್ರಿಯೆಲ್ಲ ಎದೆಗೆ ಹಾಕಿಕೊಂಡು ಕೂತವಳು ಅನ್ನುವುದಕ್ಕೆ ಆ ಭಾಷೆಯಲ್ಲೂ ಮಾತಿರಲಿಲ್ಲ, ನಮ್ಮದರಲ್ಲೂ ಇರಲಿಲ್ಲ.

ಕೂಸಿನ ಕಡೆಯವರು ಒಬ್ಬರಾದರೂ ಹೂಂ ಅನ್ನದೆ ತಾನು ಕತ್ತಿ ಹಿಡಿಯುವುದಿಲ್ಲ ಎಂದರು ಡಾಕ್ಟರು. ನಾಳೆ ಏನಾದರೂ ಆದರೆ ಕುರುಬರು ಬಡಿಗೆ ಹಿಡಿದು ಬರುವುದು ತನ್ನ ಬಾಗಿಲಿಗೆ ಎಂದರು. ಅವರ ಮುಖ ನೋಡಿದೆ. ಅವರಿಗೂ ಅಂಜಿಕೆ. ದೊಡ್ಡವರು, ಟೋಪಿ ಇಟ್ಟವರು, ಅಂಥವರೂ ಅಂಜಿದ್ದರು.

ದೊಡ್ಡವ್ವ ಕೂಸನ್ನೆತ್ತಿಕೊಂಡು ಅಂಗಳದ ಬೇವಿನ ಮರ ಸುತ್ತತೊಡಗಿದಳು. ನಾನು ಅವಳ ಸೆರಗು ಹಿಡಿದು ಹಿಂದೆ ಸುತ್ತಿದೆ.

“ಸಂಗಿ, ಕೊಯ್ಸಿದ್ರ ಕೂದಲ ಹೋತು. ಕೊಯ್ಸದಿದ್ರ ಕೂಸು ಹೋತು.” ಇನ್ನೊಂದು ಸುತ್ತು. “ಕೂದಲ ಕೊಟ್ಟ ಮ್ಯಾಲೂ ಕೂಸು ಹೋದ್ರ? ಯಲ್ಲವ್ವಗ ಏನಂತ ಹೇಳ್ಲೇ? ದೇವರ ಸಿಟ್ಟಿಗೆ ನಾನಽ ಕೊಟ್ಟೆ ಅಂತಾಳ. ಇನ್ನ ಯಾರು ಬಿಡತಾರ ನಮ್ಮನ್ಯಾಗ ಕೂಸುಗಳ್ನ? ಜಡ್ಡಿನ ಕೂಸು ಎತಗೊಂಡು ಬಿಸಲಾಗ ಹೋಗತಾರ, ಅವು ಹಾದ್ಯಾಗ ಸಾಯತಾವ.”

ಬೀರನ ಕೈ ಅವಳ ಹೆಗಲಿಂದ ಜಾರಿ ಜೋತುಬಿತ್ತು. ದೊಡ್ಡವ್ವ ಗಕ್ಕನೆ ನಿಂತಳು. ನೆಟ್ಟಗೆ ಡಾಕ್ಟರ ಮುಂದೆ ಹೋಗಿ, ಸಂತೆಯಲ್ಲಿ ಕಲಿತ ತನ್ನ ಮುರುಕು ಹಿಂದೂಸ್ತಾನಿಯಲ್ಲಿ ಹೇಳಿದಳು: “ಸಾಬ್, ತುಮ್ ಬಚ್ಚೇಕಾ ಮಾಮೂ ಬನೋ. ಫಿರ್ ತುಮೀಚ್ ಹಾಂ ಬೋಲೋ.”

ನೀನೇ ಇದರ ಮಾವ ಆಗು, ಆಮೇಲೆ ನೀನೇ ಹೂಂ ಅನ್ನು.

ಡಾಕ್ಟರು ಕೆಂಪಾದರು. “ಪಾಗಲ್ ಹೈ ಕ್ಯಾ?” ಹುಚ್ಚಿಯೇನು ನೀನು?

ಬಸಣ್ಣ ನಡುವೆ ಬಂದ. “ಸಾಬ್, ಈ ಮಂದ್ಯಾಗ ಜವಳದ ಮಾವ ಅಂದ್ರ ಅಪ್ಪನಕಿಂತ ಒಂದು ಕೈ ಹೆಚ್ಚು” ಎಂದು ನಮ್ಮ ಮಾತಿನಲ್ಲಿ ಶುರುಮಾಡಿ, ಅವರ ಮಾತಿನಲ್ಲಿ ತಿಳಿಸಿಹೇಳಿದ. ಡಾಕ್ಟರು ಕೂಸನ್ನು ನೋಡಿದರು, ಬಾಗಿಲನ್ನು ನೋಡಿದರು. ಕೊನೆಗೆ ಟೋಪಿ ತೆಗೆದಿಟ್ಟು ದವಾಖಾನೆಯ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ದೊಡ್ಡವ್ವ ಬೀರನನ್ನು ಅವರ ತೊಡೆಯ ಮೇಲಿಟ್ಟಳು. ಸೆರಗಿನ ಗಂಟಿನಲ್ಲಿ ಬೀರಪ್ಪನ ಭಂಡಾರ ಇತ್ತು. ಆ ಅರಿಶಿನದ ಪುಡಿಯನ್ನು ಬಾವಿನ ಮೇಲೆ ಹಚ್ಚಲು ಹೋದಾಗ ಡಾಕ್ಟರು ಕೈ ಅಡ್ಡ ಹಿಡಿದರು. ಆಗಲಿ ಎಂದು ಅವರ ಬಿಳಿ ಕೋಟಿನ ತೋಳಿಗೇ ಬಳಿದಳು. “ಬೀರಪ್ಪಾ, ಹೊಳಿ ತುಂಬೈತಿ. ನಾ ಇಲ್ಲಿಂದ ಕೊಡತೀನಿ, ನೀ ಅಲ್ಲಿಂದ ಕೈಚಾಚಿ ತಗೊ.”

“ಸಂಗಿ, ಉಡಿ ಒಡ್ಡು. ಒಂದು ಎಳಿ ನೆಲಕ್ಕ ಬೀಳಬಾರ್ದು.”

ಮೊದಲ ಕುಚ್ಚು ಡಾಕ್ಟರು ಕತ್ತರಿಸಿದರು. ಉಳಿದದ್ದನ್ನು ಬಸಣ್ಣ ಬೋಳಿಸಿದ. ಮಳೆಗಾಳಿ ಬೀಸುತ್ತಿತ್ತು. ನನ್ನ ಪರಕಾರದ ಉಡಿಯಲ್ಲಿ ಬಿದ್ದ ಕೂದಲು ಹುಳುವಿನಂತೆ ಏಳುತ್ತಿತ್ತು. ಒಂದು ಎಳೆ ಹಾರಿಹೋದರೂ ಬೀರ ಸಾಯುತ್ತಾನೆ, ಸಾಯಿಸಿದವಳು ನಾನು ಅನ್ನಿಸಿತು. ಒಂದು ಕುಚ್ಚು ಎದ್ದು ಮುಖಕ್ಕೇ ಬಂತು. ಬಾಯಲ್ಲಿ ಕಚ್ಚಿ ಹಿಡಿದೆ. ಬೋಳಿಸಿ ಮುಗಿಯುವ ತನಕ ಬಾಯಿ ತೆರೆಯಲಿಲ್ಲ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಜನ್ಮದಲ್ಲಿ ಅದೊಂದೇ ಸಲ.

ಡಾಕ್ಟರು ಎದ್ದು ನಿಂತರು. “ಮೈ ಮಾಮೂ. ಮೈ ಬೋಲಾ ಹಾಂ,” ಎಂದು ಕೂಸನ್ನೆತ್ತಿಕೊಂಡು ಒಳಗೆ ಹೋದರು.

ಬಾಗಿಲ ಸಂದಿಯಿಂದ ಸಿಹಿಸಿಹಿ ಔಷಧದ ವಾಸನೆ ಬಂತು. ಬೀರನ ಕೂಗು ಒಂದು ಬಂತು. ಆಮೇಲೆ ಏನೂ ಬರಲಿಲ್ಲ. ಕೂಗೇ ಎಷ್ಟೋ ಚೆನ್ನಾಗಿತ್ತು. ದೊಡ್ಡವ್ವ ಮರ ಸುತ್ತುತ್ತಲೇ ಇದ್ದಳು. ಬಸಣ್ಣ ಹೊರಗೆ ಬಂದು, “ಲೋಟಗಟ್ಟಲೆ ಕೀವು ಬಂತಬೇ. ಉಸಿರಾಡಾಕತ್ತಾನ” ಅಂದಾಗ ಅವಳು ಬೇವಿನ ಬುಡಕ್ಕೇ ವಾಂತಿ ಮಾಡಿಕೊಂಡಳು.

ಜ್ವರ ಇಳಿಯುವ ತನಕ ದವಾಖಾನೆಯ ಪಡಸಾಲೆಯಲ್ಲೇ ಇದ್ದೆವು. ಬೀರ ಉಳಿದ. ಆ ಕಡೆಯ ಕಿವಿ ಮಾತ್ರ ಮಂದವಾಯಿತು. ದೊಡ್ಡವ್ವನ ಅಂಜಿಕೆ ಇಳಿಯಲಿಲ್ಲ. ಮಕ್ತಲಕ್ಕೆ ಬಂದು ಕೂದಲನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಜಗಲಿಯ ಮೇಲಿಟ್ಟು, ಹೊಳೆ ಇಳಿಯುವುದನ್ನೇ ಕಾಯುತ್ತ, ಇಳಿಯದಿರಲಿ ಎಂದು ಬೇಡಿಕೊಳ್ಳುತ್ತ ಕೂತಳು.

ಇಳಿಯಿತು. ಕುರಿಗಳ ಗಂಟೆ ಕೇಳಿಸಿದಾಗ ಬೀರನ ಬೋಳುತಲೆಯಲ್ಲಿ, ಕಿವಿಯ ಹಿಂದೆ, ಬೆರಳುದ್ದದ ಗಾಯ ಇನ್ನೂ ಕೆಂಪಗಿತ್ತು. ಮಲ್ಲಪ್ಪ ನೋಡಿ ಕುಸಿದು ಕೂತ. ಹೊನ್ನಪ್ಪ ಬಡಿಗೆ ಕುಟ್ಟಿದ.

“ನಾ ಸತ್ತಿದ್ನೇನು? ನನ್ನ ತೊಡಿಮ್ಯಾಲ ಕುಂದರಬೇಕಾದ ಕೂಸು! ಯಾರನ್ನ ಕೇಳಿ ತಗಸಿದಿ?”

ದೊಡ್ಡವ್ವ ನಡೆದದ್ದನ್ನೆಲ್ಲ ಹೇಳಿ, ಗಂಟು ತಂದು ಯಲ್ಲವ್ವನ ಕಾಲ ಹತ್ತಿರ ಇಟ್ಟಳು. “ಬ್ಯಾಡಂದಿದ್ದಿ. ಮೀರೀನಿ ತಂಗಿ. ಏನರ ಅನ್ನು.”

ಯಲ್ಲವ್ವ ಗಂಟು ಬಿಚ್ಚಿ ಮೂಸಿದಳು. ಆಮೇಲೆ ನನ್ನ ಗದ್ದ ಹಿಡಿದೆತ್ತಿದಳು. “ಉಡಿ ಒಡ್ಡಿದಾಕಿ ನೀನಽ ಏನು? ಒಂದರ ಎಳಿ ನೆಲಕ್ಕ ಬಿತ್ತೇನು?”

“ಇಲ್ಲಬೇ. ಬಾಯಾಗ ಹಿಡದೆ.”

ಆಕೆ ಗಂಟನ್ನು ತಿರುಗಿ ಕಟ್ಟಿ ಮಡಿಲಲ್ಲಿಟ್ಟುಕೊಂಡಳು. ತಮ್ಮನ ಕಡೆ ತಿರುಗಿದಳು. “ಹೊನ್ನ್ಯಾ, ಬಡಗಿ ಕೆಳಗಿಡು. ನಿನಗ ಹೊಳಿ ದಾಟಾಕ ಆಗಲಿಲ್ಲ, ಆ ಸಾಹೇಬ ತೊಡಿ ಕೊಟ್ಟ. ಜವಳದ ಮಾವಗ ಕಂಬಳಿ ಕೊಡಬೇಕು. ಹೋಗಿ ಕೊಟ್ಟು ಬಾ.”

ಹೊನ್ನಪ್ಪ ಬೈಯುತ್ತಲೇ ನಾರಾಯಣಪೇಟೆಗೆ ಹೋಗಿ ಕಂಬಳಿ ಹೊದಿಸಿ ಬಂದ. ಅಲ್ಲಿಂದ ಆ ಡಾಕ್ಟರ ಗತಿ ಕೇಳಬೇಡಿ. ಹಟ್ಟಿಯವರೆಲ್ಲ ನೆಗಡಿಯಾದರೂ ಕೂಸನ್ನೊಯ್ದು ಅವರ ತೊಡೆಗೆ ಹಾಕಿ, “ಮಾವಾ, ನೋಡ್ರಿ” ಅನ್ನತೊಡಗಿದರು.

ದೊಡ್ಡವ್ವನ ಪದ್ಧತಿ ಮಾತ್ರ ಬದಲಾಯಿತು. ತಾಯಂದಿರು ಬ್ಯಾಡಗಳನ್ನು ಹೇಳಿ ಮುಗಿಸಿದ ಮೇಲೆ ತಾನೊಂದು ಕೇಳುವಳು: “ಜೀವಕ್ಕ ಬಂದ್ರ ಏನು ಮಾಡ್ಲಿ? ಅದನ್ನೂ ಈಗಽ ಹೇಳಿ ಹೋಗ್ರಿ.” ಎಷ್ಟೋ ತಾಯಂದಿರು ಅಲ್ಲೇ ಕೂತು ಅತ್ತರು. ಹೇಳಿಸಿಕೊಳ್ಳದೆ ಯಾರನ್ನೂ ಕಳಿಸಲಿಲ್ಲ.

ನನ್ನನ್ನು ಗದ್ವಾಲಕ್ಕೆ ಕೊಟ್ಟರು. ನಿಜಾಮರ ಕೊನೆಗಾಲ. ನನ್ನ ಮೊದಲ ಮಗಳು ಇನ್ನೂ ಹರಿದಾಡುತ್ತಿದ್ದಳು, ಮನೆಯಲ್ಲಿ ಅತ್ತೆಯವರಿಗೆ ಕೆಟ್ಟ ಜ್ವರ ಹತ್ತಿತು. ಕೂಸಿಗೆ ತಗಲೀತೆಂದು ಅಂಜಿ ದೊಡ್ಡವ್ವನ ಹತ್ತಿರ ಬಿಡಲು ಬಂದೆ. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ. ಮಗಳನ್ನು ತಿರುಗಿ ಕರೆತಂದವರು ನಮ್ಮ ಮನೆಯವರು. ನಾನು ಮತ್ತೆ ಮಕ್ತಲಕ್ಕೆ ಹೋಗುವಷ್ಟರಲ್ಲಿ ದೊಡ್ಡವ್ವ ಇರಲಿಲ್ಲ.

ಆವತ್ತು ಹೊಸ್ತಿಲ ಆಚೆ ನಿಂತವಳು ನಾನು. “ಕಿವಿಗೆ ಎಣ್ಣಿ ಬಿಡಬ್ಯಾಡ. ಹೊಗಿ ಹಾಕಬ್ಯಾಡ. ಎಮ್ಮಿ ಹಾಲು ಬ್ಯಾಡ. ಬಾವಿ ಕಡೆ ಒಯ್ಯಬ್ಯಾಡ.” ಒಂದೊಂದನ್ನೂ ಆಕೆ ತಿರುಗಿ ಹೇಳಿದಳು. ಗಾಡಿ ಹತ್ತಿದ ಮೇಲೂ ನನ್ನದು ಮುಗಿಯಲಿಲ್ಲ.

“ಬ್ಯಾಡ ಎಲ್ಲಾ ಕೇಳಿದೆ. ಜೀವಕ್ಕ ಬಂದ್ರ?”

“ನಿನಗ ಸರಿ ಕಂಡದ್ದು ಮಾಡು” ಅಂದೆ. ಆ ಮಾತನ್ನು ಅಲ್ಲಿಗೇ ಮುಚ್ಚಲು ಛೇಡಿಸಿದೆ: “ಇಷ್ಟೆಲ್ಲಾ ಬ್ಯಾಡ ಮುದುಕಿಗೆ ನೆನಪಿರತಾವೋ ಇಲ್ಲೋ!”

“ಇರತಾವ, ಇನ್ನಾ ಬೇಕಾದಷ್ಟು ಹೇಳು. ನಿಮ್ಮಪ್ಪ ನಿನ್ನ ತಂದು ಈ ಹೊಸ್ತಿಲ ಮ್ಯಾಲ ಇಳಿಸಿ, ಒಂದು ಬ್ಯಾಡ ಸೈತ ಹೇಳದಽ ಹೋದ. ಆವತ್ತು ಅಂಜಿದಾಕಿ, ಇನ್ನೂ ಅಂಜಾಕತ್ತೀನಿ.”