ಟ್ರಂಕಿನೊಳಗಿನ ಅಪ್ಪ

ಕಾಸಾಬ್ಲಾಂಕಾದ ಸ್ಟೇಷನ್ ಮಾಸ್ತರರು ನನ್ನನ್ನು ವಿಧವೆ ಎಂದು ತಿಳಿದು ಟೋಪಿ ತೆಗೆದುಬಿಟ್ಟರು!

ಗಾಬರಿಯಾಗಬೇಡಿ. ನಮ್ಮವರು ಗಟ್ಟಿಮುಟ್ಟಾಗಿದ್ದಾರೆ. ನಾನಿದನ್ನು ಬರೆಯುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಮಗಳಿಗೆ ಆನೆಯಾಗಿ ನಾಲ್ಕು ಕಾಲಿನ ಮೇಲೆ ನಡೆಯುತ್ತಿದ್ದಾರೆ. (ಹೊನ್ನಾಳಿಯಲ್ಲಿ ನಮ್ಮತ್ತೆಗೆ ಈ ಅಂಕಣ ಓದಿ ಹೇಳುವುದು ನನ್ನ ಓರಗಿತ್ತಿ, ಗೋವಿನಕೋವಿಯಿಂದ ಬಂದ ದೊಡ್ಡ ಸೊಸೆ. ಅಕ್ಕಾ, ಆ ಮೊದಲ ಸಾಲನ್ನು ದಯವಿಟ್ಟು ನುಂಗಿಕೊಂಡು ಮುಂದೆ ಹೋಗಿ.)

ಹಡಗಿನಲ್ಲಿ ನನಗೆ ಹೇಗೆ ತಲೆ ಸುತ್ತಿತು ಎಂಬುದನ್ನು ಹಿಂದಿನ ಬರಹದಲ್ಲಿ ಸಾಕಷ್ಟು ಕೊರೆದಿದ್ದೇನೆ. ಇದು ರೈಲಿನ ಕಥೆ.

ನಮ್ಮವರು ಮುಂಬಯಿಯ ರೇಷ್ಮೆ ವ್ಯಾಪಾರಿಯೊಬ್ಬರ ಅಂಗಡಿ ನೋಡಿಕೊಳ್ಳಲು ಮೊರಾಕ್ಕೋ ದೇಶದ ಈ ಊರಿಗೆ ಬಂದಾಗ ನಾನು ಬಸುರಿ. ನೀಲಾ ಹುಟ್ಟಿದ್ದು ಆಮೇಲೆ. ಈಗ ಅವಳಿಗೆ ನಾಲ್ಕು ತುಂಬಿದೆ. ಇಲ್ಲಿಗೆ ಬರುವವರೆಗೆ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಇವರ ಪ್ರತಿ ಕಾಗದದ ಕೊನೆಗೂ ಒಂದೇ ಪ್ರಶ್ನೆ: "ಅವಳು ನನ್ನ ಹತ್ರ ಬರ್ತಾಳಾ?"

"ಬರ್ತಾಳೆ" ಎಂದು ನಾನು ಬರೆಯುತ್ತಿದ್ದೆ. ಬರೆಯುವುದಕ್ಕೇನು, ಶಾಯಿ ತಾನೆ? ಒಳಗೊಳಗೆ ನನಗೇ ಅಳುಕು. ಯಾಕೆಂದರೆ ನೀಲಾಳ ಪ್ರಕಾರ ಅವಳ ಅಪ್ಪ ಮೊರಾಕ್ಕೋದಲ್ಲಿ ಇರಲೇ ಇಲ್ಲ. ಟ್ರಂಕಿನಲ್ಲಿದ್ದರು.

ಅದು ಹೀಗೆ. ಇವರು ಹೊರಡುವ ಮುಂಚೆ ದಾವಣಗೆರೆಯ ಸ್ಟುಡಿಯೊದಲ್ಲಿ ಒಂದು ಫೋಟೊ ತೆಗೆಸಿದ್ದೆವು. ಜರಿಯಂಚಿನ ರುಮಾಲು, ಕರಿ ಕೋಟು, ದಪ್ಪ ಮೀಸೆ, ಪಕ್ಕದಲ್ಲೊಂದು ಕಾಗದದ ಹೂವಿನ ಕುಂಡ. ಅವತ್ತು ಅತ್ತೆಯನ್ನೂ ಕೂರಿಸಬೇಕೆಂದು ಎಷ್ಟು ಗೋಗರೆದೆವು! ಕುರ್ಚಿಯ ಹತ್ತಿರವೂ ಸುಳಿಯಲಿಲ್ಲ. "ಇಷ್ಟ್ ಬೇಗ ಗ್ವಾಡಿ ಹತ್ತಾಕೆ ನನಗೇನ್ ಅವಸರ ಐತೆ?" ಎಂದು ಬಾಗಿಲಲ್ಲೇ ನಿಂತಿದ್ದರು.

ಕಟ್ಟು ಹಾಕಿಸಿದ ಫೋಟೊವನ್ನು ನಾನು ಪಡಸಾಲೆಯ ಗೋಡೆಗೆ ತೂಗುಹಾಕಿದೆ. ಅತ್ತೆ ಹಿತ್ತಲಿನಿಂದ ಬಂದು ನೋಡಿದವರೇ ಕೈಯಲ್ಲಿದ್ದ ಮೊರ ಬಿಟ್ಟರು.

"ಇಳಿಸವ್ವ ಕೆಳಗೆ! ಗ್ವಾಡಿಗೆ ಹಾಕಾದು ಹೋದೋರ್ನ. ನನ್ ಮಗ ಕಲ್ಲುಗುಂಡಿನಂಗೆ ಅದಾನೆ."

ನಿಜವೇ. ನಮ್ಮ ಮನೆಯ ಗೋಡೆಯ ಮೇಲಿರುವವರು ಮಾವನವರು, ಅವರ ಅಪ್ಪ, ಸಣ್ಣ ವಯಸ್ಸಿನಲ್ಲಿ ತೀರಿಹೋದ ಒಬ್ಬ ಚಿಕ್ಕಪ್ಪ. ಎಲ್ಲರಿಗೂ ಗಂಧದ ಹಾರ, ಹಣೆಗೆ ವಿಭೂತಿ. ಅವರ ಸಾಲಿನಲ್ಲಿ ಇವರು ರುಮಾಲು ಸುತ್ತಿಕೊಂಡು ನಗುತ್ತಿದ್ದರೆ ಯಾವ ತಾಯಿ ತಾನೆ ಸಹಿಸುತ್ತಾಳೆ?

"ಹಂಗಾರೆ ಮಗು ಅಪ್ಪನ ಮುಖ ನೋಡೋದು ಹೆಂಗೆ ಅತ್ತೆ?" ಎಂದೆ.

"ನಿನ್ ಟ್ರಂಕ್ನಾಗೆ ಇಡು. ಸೋಮಾರ ಸೋಮಾರ ತೆಗೆದು ತೋರಿಸಿದ್ರಾತು."

ಹಾಗೇ ನಡೆಯಿತು. ನನ್ನ ಮದುವೆಯ ತಗಡಿನ ಟ್ರಂಕು ಅದು. ಮುಚ್ಚಳದ ಮೇಲೆ ಎರಡು ಗಿಣಿ, ನಡುವೆ ದಪ್ಪಕ್ಷರದಲ್ಲಿ "ಹೊನ್ನಾಳಿ". ಸೋಮವಾರ ಪೂಜೆ ಮುಗಿಸಿ, ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ಅತ್ತೆ ಟ್ರಂಕು ತೆಗೆಸುತ್ತಿದ್ದರು. ಸೀರೆಗಳ ನಡುವಿನಿಂದ ಫೋಟೊ ಹೊರಗೆ ಬರುತ್ತಿತ್ತು. "ನೋಡವ್ವ ನಿಮ್ಮಪ್ಪ. ಏನ್ ಹೇಳ್ತೀಯೋ ಹೇಳು."

ನೀಲಾ ಹೇಳುತ್ತಿದ್ದಳು: "ಅಪ್ಪಾ, ಎಮ್ಮೆ ಕರ ಹಾಕೈತೆ. ಈಗ ಮುಚ್ಚಳ ಹಾಕ್ತಾರೆ, ಹೆದ್ರಿಕಬ್ಯಾಡ."

ಒಂದು ದಿನ ನನ್ನ ಮದುವೆ ಸೀರೆಯ ಮಡಿಕೆಯಲ್ಲಿ ಇರುವೆ ಸಾಲುಗಟ್ಟಿತ್ತು. ಬಿಡಿಸಿ ನೋಡಿದರೆ ಮಂಡಕ್ಕಿ, ಬೆಲ್ಲದ ಚೂರು. ಗದರಿದೆ. ಅವಳ ಕಣ್ಣು ತುಂಬಿ ಬಂತು. "ಅಪ್ಪಗೆ ಹಸಿವಾಗಂಗಿಲ್ಲೇನು?"

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಭೂಪಟ ತೆಗೆದು, ಸಮುದ್ರ ತೋರಿಸಿ, ಅಪ್ಪ ಎಲ್ಲಿದ್ದಾರೆ ಎಂದು ತಿಳಿಸಿಹೇಳಬಹುದಿತ್ತು. ತಿಳಿಸಿಯೂ ಹೇಳಿದೆ. ಅವಳು ಭೂಪಟವನ್ನು ನೋಡಿದಳು, ಟ್ರಂಕನ್ನು ನೋಡಿದಳು. ಮಂಡಕ್ಕಿ ಬೀಳುವುದು ನಿಲ್ಲಲಿಲ್ಲ. ಬೆಲ್ಲ ಮಾತ್ರ ನಿಂತಿತು. (ಇರುವೆಗೋಸ್ಕರ ಅಷ್ಟು ರಾಜಿ.)

ಇಂಥ ಮಗಳನ್ನು ಕಟ್ಟಿಕೊಂಡು ಹೊರಟೆ. ಟ್ಯಾಂಜಿಯರ್ ಎಂಬ ಬಂದರಿನವರೆಗೆ ಮುಂಬಯಿಯ ಒಂದು ಸಂಸಾರ ಜೊತೆಗಿತ್ತು. ಅಲ್ಲಿಂದ ರೈಲು, ನಾವಿಬ್ಬರೇ. ದಾರಿಯಲ್ಲಿ ಗಾಡಿ ಬದಲಾಯಿಸಿದೆವು. ಎರಡನೆಯದು ಕರೆಂಟಿನ ರೈಲು. ಹೊಗೆಯೇ ಇಲ್ಲ! ನೀಲಾ ಕಿಟಕಿಯಿಂದ ಬಗ್ಗಿ ಬಗ್ಗಿ ನೋಡಿದಳು. "ಅವ್ವ, ಇವರು ಒಲೆ ಹಚ್ಚಿಲ್ಲೇನು?"

ಎದುರಿಗೆ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಒಬ್ಬ ಹೆಂಗಸು. ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಎಷ್ಟು ಚೆನ್ನಾಗಿ ನಗುತ್ತಿತ್ತೆಂದರೆ, ಅವಳು ಕೊಟ್ಟ ಖರ್ಜೂರವನ್ನು ನೀಲಾ ನನ್ನನ್ನು ಕೇಳದೆ ಬಾಯಿಗೆ ಹಾಕಿಕೊಂಡಳು.

ಇವರ ಅಪ್ಪಣೆ ಸ್ಪಷ್ಟವಾಗಿತ್ತು. ಈ ಊರಿಗೆ ಎರಡು ಸ್ಟೇಷನ್. ಮೊದಲು ಬರುವುದು ಕಾಸಾ-ವಾಯಾಜರ್. ಅಲ್ಲಿ ಇಳಿಯಬಾರದು. ಮುಂದಿನದು ಕಾಸಾ-ಪೋರ್, ಬಂದರಿನ ಪಕ್ಕದ್ದು. ಇವರು ಕಾಯುವುದು ಅಲ್ಲಿ. (ಹೊನ್ನಾಳಿಗೆ ಒಂದೂ ಸ್ಟೇಷನ್ ಇಲ್ಲ, ನಾವು ಗಾಡಿ ಕಟ್ಟಿಸಿಕೊಂಡು ಹರಿಹರಕ್ಕೆ ಹೋಗಬೇಕು. ಇವರಿಗೆ ಒಂದೇ ಊರಿಗೆ ಎರಡೆರಡು! ನ್ಯಾಯವೇ?)

ಮೊದಲನೆಯ ಸ್ಟೇಷನ್ ಬಂತು. ಬಿಳಿ ಕಟ್ಟಡ, ಎತ್ತರದ ಗಡಿಯಾರದ ಗೋಪುರ. ನಾನು ಜಾಣತನದಿಂದ ಕೂತೇ ಇದ್ದೆ. ನೀಲಾ ಬಾಗಿಲಲ್ಲಿ ನಿಂತಿದ್ದಳು. ಇದ್ದಕ್ಕಿದ್ದಂತೆ "ಅಪ್ಪಾ!" ಎಂದು ಕೂಗಿ ಇಳಿದೇಬಿಟ್ಟಳು.

ಪ್ಲಾಟ್‌ಫಾರಂ ಮೇಲೆ ಒಬ್ಬ ಮುದುಕ ನಿಂತಿದ್ದ. ತಲೆಗೆ ದೊಡ್ಡ ರುಮಾಲು, ಕೈಯಲ್ಲಿ ಪುದೀನದ ಕಟ್ಟು. ಇವಳು ಹೋಗಿ ಅವನ ಮೊಣಕಾಲು ಅಪ್ಪಿಕೊಂಡಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಇಳಿದೆ. ಅವಸರವೇನೂ ಅನ್ನಿಸಲಿಲ್ಲ ನೋಡಿ. ನಮ್ಮ ಹರಿಹರದಲ್ಲಿ ರೈಲು ಹೊರಡುವುದೆಂದರೆ ಒಂದು ದೊಡ್ಡ ಸಂಸಾರ ಹೊರಟ ಹಾಗೆ. ಗಂಟೆ, ಸೀಟಿ, ಹೊಗೆ, ನಿಟ್ಟುಸಿರು, ಮತ್ತೊಂದು ಸೀಟಿ. ಅಷ್ಟರಲ್ಲಿ ನೀರು ಹಿಡಿದು, ಬಾಳೆಹಣ್ಣು ಕೊಂಡು, ಅರ್ಧ ಉಳಿದ ಜಗಳವನ್ನೂ ಮುಗಿಸಿ ಹತ್ತಬಹುದು. ಆ ಗಂಟೆಗೆ, ಆ ಹೊಗೆಗೆ ನಾನು ಕಾಯುತ್ತಿದ್ದೆ.

ಕರೆಂಟಿನ ರೈಲು ಬೆಕ್ಕಿನ ಹಾಗೆ ಸದ್ದಿಲ್ಲದೆ ಜಾರಿಹೋಯಿತು. ಟ್ರಂಕಿನ ಸಮೇತ.

ಅಷ್ಟರಲ್ಲಿ ನೀಲಾ ತಲೆಯೆತ್ತಿ ಮುದುಕನ ಬಿಳಿ ಗಡ್ಡ ನೋಡಿದ್ದಳು. ಕೈ ಸಡಿಲಿತು. "ಇವ ಅಲ್ಲ" ಎಂದಳು. ರೈಲಿನ ಬಾಲ ನೋಡಿದಳು. ಅದುವರೆಗೆ ನಾನು ಕೇಳದಂಥ ಕೂಗು ಹಾಕಿದಳು: "ಅಪ್ಪ ಟ್ರಂಕ್ನಾಗೆ ಅದಾನೆ! ಅಪ್ಪ ಹೋದ! ಅವ್ವಾ, ಅಪ್ಪ ಒಬ್ನೇ ಹೋದ!"

ಮುದುಕನಿಗೆ ನಮ್ಮ ಮಾತು ಒಂದೂ ತಿಳಿಯದು. ಪುದೀನದ ಒಂದು ಕಡ್ಡಿ ಅವಳ ಕೈಗಿಟ್ಟು, ತಲೆ ಸವರಿ, ನಮ್ಮನ್ನು ಸ್ಟೇಷನ್ ಮಾಸ್ತರರ ಕೋಣೆಗೆ ಕರೆದೊಯ್ದ.

ಕಾನ್ವೆಂಟಿನ ಸಿಸ್ಟರ್ ನನಗೆ ಒಂದಿಷ್ಟು ಫ್ರೆಂಚ್ ಕಲಿಸಿದ್ದರು. ಅದರಲ್ಲಿ ಪ್ರಾರ್ಥನೆ ಮಾಡಬಹುದು, ಹೂವುಗಳ ಹೆಸರು ಹೇಳಬಹುದು, ಊಟದ ಮೇಜಿನಲ್ಲಿ ಉಪ್ಪು ಕೇಳಬಹುದು. ಟ್ರಂಕು ಕಳೆದುಹೋದದ್ದನ್ನು ಹೇಳುವುದು ಪಾಠದಲ್ಲಿರಲಿಲ್ಲ. ಹೇಗೋ ಜೋಡಿಸಿದೆ. "ನನ್ನ ಪೆಟ್ಟಿಗೆ. ರೈಲಿನಲ್ಲಿ. ಕಾಸಾ-ಪೋರ್‌ಗೆ."

ಮಾಸ್ತರರು ದಪ್ಪಗಿನ, ಸಮಾಧಾನದ ಮನುಷ್ಯ. "ಎಲ್ಲಿಗೂ ಹೋಗುವುದಿಲ್ಲ, ಮದಾಮ್. ಪೆಟ್ಟಿಗೆಗೋಸ್ಕರ ಮಗು ಯಾಕೆ ಇಷ್ಟು ಅಳುತ್ತಿದೆ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇವಳ ತಂದೆ ಆ ಪೆಟ್ಟಿಗೆಯಲ್ಲಿದ್ದಾರೆ."

ಫೋಟೊ ಎಂಬ ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಫ್ರೆಂಚಿನಲ್ಲೂ ಅದು ಫೋಟೊವೇ! ಆ ಹೊತ್ತಿಗೆ ಹೊಳೆಯಬೇಕಲ್ಲ?

ಅವರು ಎದ್ದು ನಿಂತರು. ಟೋಪಿ ತೆಗೆದು ಎದೆಗೆ ಹಿಡಿದರು. ಧ್ವನಿ ತಗ್ಗಿಸಿ ಟೆಲಿಫೋನಿನಲ್ಲಿ ಮುಂದಿನ ಸ್ಟೇಷನ್ನಿಗೆ ಏನೇನೋ ಹೇಳಿದರು. ತಾವೇ ಬಂದು ನಮ್ಮನ್ನು ಮುಂದಿನ ರೈಲಿನ ಫಸ್ಟ್ ಕ್ಲಾಸಿನಲ್ಲಿ ಕೂರಿಸಿದರು. ಎಂಥ ಸಂಭಾವಿತ ಜನ ಎಂದುಕೊಂಡೆ. ರೈಲು ಹೊರಟ ಮೇಲೆ ತಲೆಗೆ ಹೊಳೆಯಿತು, ಆ ಟೋಪಿ ಯಾಕೆ ಇಳಿಯಿತು ಎಂದು.

ಕಾನ್ವೆಂಟಿನಲ್ಲಿ ಓದಿದವಳು ಇಂಥದ್ದಕ್ಕೆಲ್ಲ ಹೆದರಬಾರದು. ಹೆದರಲೂ ಇಲ್ಲ. ಆದರೆ ಕೈ ತಾನಾಗಿ ಕತ್ತಿಗೆ ಹೋಗಿ ತಾಳಿಯನ್ನು ಮುಟ್ಟಿ ನೋಡಿಕೊಂಡಿತು. ಗೋಡೆಗೆ ಹಾಕಬೇಡ ಎಂದಿದ್ದರು ಅತ್ತೆ. ನಾನು ಇವರನ್ನು ಏನು ಮಾಡಿಬಿಟ್ಟಿದ್ದೆ!

ಕಾಸಾ-ಪೋರ್. ಇಳಿದ ಕೂಡಲೇ ಸಮುದ್ರದ ವಾಸನೆ. ಪ್ಲಾಟ್‌ಫಾರಂ ತುದಿಯಲ್ಲಿ ನನ್ನ ಗಿಣಿಗಳ ಟ್ರಂಕು. ಅದರ ಮೇಲೆ ಹ್ಯಾಟು ಹಾಕಿದ ಒಬ್ಬರು ತಲೆ ಹಿಡಿದುಕೊಂಡು ಕೂತಿದ್ದರು. ಪಕ್ಕದಲ್ಲೊಬ್ಬ ಪೋರ್ಟರು ತನ್ನ ಟೋಪಿಯನ್ನು ಕೈಯಲ್ಲಿ ಹಿಡಿದು ಅವರಿಗೆ ಒಂದೇ ಸಮ ಬೈಯುತ್ತಿದ್ದ.

ಹ್ಯಾಟಿನವರು ನಮ್ಮವರು. ಮೀಸೆ ಬೋಳಿಸಿದ್ದರಿಂದ ನನಗೇ ಒಂದು ಗಳಿಗೆ ಗುರುತು ಹತ್ತಲಿಲ್ಲ.

"ಎಲ್ಲಿಳಿದಿದ್ದೆ ನೀನು? ರೈಲ್ನಾಗೆ ಹೊನ್ನಾಳಿ ಅಂತ ಅಕ್ಷರ ಕಾಣ್ತು, ಓಡಿ ಬಂದು ಇಳಿಸ್ಕೊಂಡೆ. ನೋಡಿದ್ರೆ ನೀವಿಬ್ರೂ ಇಲ್ಲ. ನನ್ ಜೀವ ಜೀವದಾಗೆ ಇರ್ಲಿಲ್ಲ."

"ನಾನಾಗಿ ಇಳೀಲಿಲ್ಲ ರೀ, ನಿಮ್ ಮಗಳು ಇಳಿಸಿದ್ಲು."

"ಇವನೊಬ್ಬ, ಪೆಟ್ಟಿಗೆ ಮ್ಯಾಲೆ ಕೂರಬ್ಯಾಡ ಅಂತ ಬೈತಾನೇ ಅದಾನೆ. ಯಾಕಂತೆ?"

"ಆಮೇಲೆ ಹೇಳ್ತೀನಿ."

ನೀಲಾ ಇವರ ಕಡೆ ನೋಡಲೂ ಇಲ್ಲ. ಟ್ರಂಕನ್ನು ಎರಡೂ ಕೈಯಿಂದ ಬಡಿದಳು. "ಏಳು ಮ್ಯಾಲೆ! ಒಳಗೆ ನಮ್ಮಪ್ಪ ಅದಾನೆ!"

ಇವರು ಎದ್ದರು. ಅವಳ ಎದುರು ಮಂಡಿಯೂರಿದರು. "ನಾನೇ ಕಣವ್ವ ನಿಮ್ಮಪ್ಪ."

ಅವಳು ಹ್ಯಾಟಿನಿಂದ ಬೂಟಿನವರೆಗೆ ಪರೀಕ್ಷೆ ಮಾಡಿದಳು. "ನೀನಲ್ಲ. ನಮ್ಮಪ್ಪಗೆ ರುಮಾಲು ಐತೆ. ಮೀಸೆ ಐತೆ."

ಇವರು ನಕ್ಕರು. ನಗುತ್ತ ನಗುತ್ತಲೇ ಬೆರಳಿನಿಂದ ಮೇಲ್ದುಟಿಯನ್ನು, ಮೀಸೆಯಿಲ್ಲದ ಜಾಗವನ್ನು ಸವರಿಕೊಂಡರು. ಜೇಬಿನಿಂದ ಒಂದು ಗೊಂಬೆ ತೆಗೆದರು. ಅದಕ್ಕೆ ಕೆಂಪು ಲಂಗ, ಯಾರೋ ಕೈಯಲ್ಲೇ ಹೊಲಿದದ್ದು. ಅವಳು ಮುಟ್ಟಲಿಲ್ಲ. ನನ್ನ ಸೆರಗಿನ ಹಿಂದೆ ಹೋದಳು.

"ಬರ್ತಾಳೆ ಅಂತ ಬರ್ದಿದ್ದೆ ನೀನು" ಎಂದರು ಇವರು, ಮೆಲ್ಲಗೆ. ಗೊಂಬೆ ಇನ್ನೂ ಚಾಚಿದ ಕೈಯಲ್ಲೇ ಇತ್ತು.

ನಾನು ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿ ಕೊಟ್ಟೆ. "ಅತ್ತೆ ನಿಮ್ ಫೋಟೊ ಗೋಡೆಗೆ ಹಾಕಾಕೆ ಬಿಡ್ಲಿಲ್ಲ ರೀ. ಇಷ್ಟು ವರ್ಷ ನೀವು ಇದರೊಳಗೇ ಇದ್ರಿ. ಅವಳಪ್ಪ ಎಲ್ಲಿರ್ತಾರೋ ಅಲ್ಲಿಗೆ ಹೋಗ್ರಿ."

ಇವರು ನನ್ನ ಮುಖ ನೋಡಿದರು. ಟ್ರಂಕು ನೋಡಿದರು. ಹ್ಯಾಟು ತೆಗೆದು ನೆಲಕ್ಕಿಟ್ಟರು. ಬೂಟು ಬಿಚ್ಚಿದರು. ಬೀಗ ತೆಗೆದು ಮುಚ್ಚಳ ಎತ್ತಿದರು. ಪೋರ್ಟರು ಹೌಹಾರಿ ಹಿಂದೆ ಸರಿದ. ದಾರಿಹೋಕರು ನಿಂತರು. ಸೂಟು ಹಾಕಿದ ಮಹಾನುಭಾವರೊಬ್ಬರು ಹಗಲುಹೊತ್ತಿನಲ್ಲಿ, ಅಷ್ಟು ಜನರ ಮುಂದೆ, ನನ್ನ ಸೀರೆಗಳ ಮೇಲೆ ಕಾಲಿಟ್ಟು ಟ್ರಂಕಿನೊಳಗೆ ಕುಕ್ಕರಗಾಲಲ್ಲಿ ಕೂತರು! ಫೋಟೊವನ್ನು ಎತ್ತಿ ಕೆನ್ನೆಯ ಪಕ್ಕಕ್ಕೆ ಹಿಡಿದರು.

ನೀಲಾ ಸೆರಗಿನ ಹಿಂದಿನಿಂದ ಇಣುಕಿದಳು. ಬರಲಿಲ್ಲ.

ಇವರ ಇನ್ನೊಂದು ಕೈಗೆ ಮೂಲೆಯಲ್ಲಿ ಏನೋ ಸಿಕ್ಕಿತು. ಮಂಡಕ್ಕಿ. ಸಮುದ್ರದ ಗಾಳಿಗೆ ಮೆತ್ತಗಾಗಿತ್ತು.

"ಇದ್ಯಾರು ಹಾಕಿದ್ದು?"

"ನಾನು" ಎಂದಳು ನೀಲಾ. ಸೆರಗು ಬಿಟ್ಟು, "ನಿನಗೇ" ಎಂದಳು.

ಇವರು ಅದನ್ನು ಬಾಯಿಗೆ ಹಾಕಿಕೊಂಡರು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಹಸಿವಾಗಿತ್ತಾ?"

"ಹೂಂ ಕಣವ್ವ" ಎಂದರು. ಇನ್ನೊಂದು ಕಾಳು ಹೆಕ್ಕಿ ಬಾಯಿಗೆ ಹಾಕಿಕೊಂಡರು. "ಭಾಳ ಹಸಿವಾಗಿತ್ತು."

ಅವಳು ಟ್ರಂಕಿನ ಅಂಚು ಹಿಡಿದು ತಾನೂ ಒಳಗೆ ಹತ್ತಿದಳು. ಇವರ ತೊಡೆಯ ಮೇಲೆ ಜಾಗ ಮಾಡಿಕೊಂಡು ಕೂತು, ನನ್ನ ಕಡೆ ತಿರುಗಿ ಅಪ್ಪಣೆ ಮಾಡಿದಳು. "ಅವ್ವ, ಈಗ ಮುಚ್ಚಬ್ಯಾಡ."

ಪೋರ್ಟರು ನಿಧಾನವಾಗಿ ತನ್ನ ಟೋಪಿ ಹಾಕಿಕೊಂಡ.

ಈ ಸಂಗತಿಯನ್ನು ನಾನು ಈಚೆಗೆ ದಿನವೂ ಒಂದಲ್ಲ ಒಂದು ಹೊತ್ತು ನೆನೆಯುತ್ತೇನೆ. ಹೋದವರನ್ನು ಗೋಡೆಯ ಮೇಲಿಟ್ಟು ಎದ್ದರೆ ಕೂತರೆ ನೋಡುತ್ತೇವೆ. ದೂರದಲ್ಲಿ ಬದುಕಿರುವವರ ಮುಖವನ್ನು ಮಾತ್ರ ಕಣ್ಣು ತಾಗೀತು ಎಂದು ಮಡಿಸಿಟ್ಟು, ವಾರಕ್ಕೊಮ್ಮೆ ಗಾಳಿಗೆ ಹಿಡಿಯುತ್ತೇವೆ. ಅತ್ತೆಯ ಹೆದರಿಕೆಯಲ್ಲಿ ಇದ್ದದ್ದು ಬರೀ ಪ್ರೀತಿಯೇ. ಆದರೆ ಪ್ರೀತಿಗೆ ಬೀಗ ಹಾಕಿದರೆ ಮಕ್ಕಳಿಗೆ ಗೊತ್ತಾಗುವುದು ಹೇಗೆ?

ಇಲ್ಲಿ ಇವರ ಫೋಟೊಗೆ ನಾನೇ ಮೊಳೆ ಹೊಡೆದೆ. (ಹೊಡೆದ ಮೇಲೆ ಉಪ್ಪು ತೆಗೆದುಕೊಂಡು ಇವರಿಗೆ ದೃಷ್ಟಿಯನ್ನೂ ತೆಗೆದೆ. ಕಾನ್ವೆಂಟಿನ ಸಿಸ್ಟರ್ ಕ್ಷಮಿಸಲಿ.) ಮೀಸೆ ಮತ್ತೆ ಬರುತ್ತಿದೆ. ಅಪ್ಪ ಮಗಳ ನಡುವೆ ಈಗ ನನಗೇ ಜಾಗವಿಲ್ಲ.

ಆದರೆ ಹೋದ ಸೋಮವಾರ ನೀಲಾ ಟ್ರಂಕಿನ ಮುಚ್ಚಳ ಎತ್ತಿ ಸೀರೆಗಳನ್ನೆಲ್ಲ ಹೊರಗೆ ಹಾಕುತ್ತಿದ್ದಳು. ಏನೇ ಹುಡುಕುತ್ತೀ ಎಂದೆ. "ಅಜ್ಜಿನ" ಎಂದಳು. ಕೈಯಲ್ಲಿ ಖರ್ಜೂರವಿತ್ತು.

ಅಜ್ಜಿ ಅಲ್ಲಿ ದೊಡ್ಡ ಮಗನ ಮನೆ ತುಂಬ ಮೊಮ್ಮಕ್ಕಳ ಗದ್ದಲದಲ್ಲಿ ಸುಖವಾಗಿದ್ದಾಳೆ ಎಂದು ಹೇಳಿದೆ. ಅವಳು ಕೇಳಿಸಿಕೊಂಡಳು, ಟ್ರಂಕಿನೊಳಗೆ ಇನ್ನೊಮ್ಮೆ ಬಗ್ಗಿ ನೋಡಿದಳು, ಖರ್ಜೂರವನ್ನು ಮೂಲೆಯಲ್ಲಿಟ್ಟಳು.

ಅಕ್ಕಾ, ಮುಂದಿನದನ್ನು ಜೋರಾಗಿ ಓದಿ: ಅತ್ತೆ, ಗೋಡೆಗೆ ಹಾಕುವುದಿಲ್ಲ, ಟ್ರಂಕಿನಲ್ಲೇ ಇಡುತ್ತೇನೆ, ದಾವಣಗೆರೆಗೆ ಹೋಗಿ ಒಂದೇ ಒಂದು ಫೋಟೊ ತೆಗೆಸಿಕೊಳ್ಳುತ್ತೀರಾ?