ಅಪ್ಪ ಧಿಕ್ಕಾರ ಕೂಗಿದ ಯಂತ್ರ

ಕಂಪ್ಯೂಟರ್ ಎಂಬ ಶಬ್ದ ನಮ್ಮ ಮನೆಗೆ ಮೊದಲು ಬಂದದ್ದು ಬೈಗುಳವಾಗಿ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಮುಂಬಯಿಯ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು, ಅಲ್ಲಿನ ಯೂನಿಯನ್ನಿನ ಕಾರ್ಯದರ್ಶಿ ಕೂಡ. ಕಚೇರಿಗೆ ಒಂದು ಯಂತ್ರ ಬರಲಿದೆಯಂತೆ, ಇಡೀ ಹಾಲ್ ತುಂಬಿದ ಗುಮಾಸ್ತರ ಕೆಲಸವನ್ನು ಊಟದ ಬಿಡುವಿನೊಳಗೆ ಮುಗಿಸುತ್ತದಂತೆ ಎಂಬ ಸುದ್ದಿ ಹಬ್ಬಿತ್ತು. ಅದನ್ನಾದರೂ ಅವರು ಸಹಿಸಿಕೊಳ್ಳುತ್ತಿದ್ದರೋ ಏನೋ. ಸಹಿಸಲಾಗದೆ ಹೋದದ್ದು, ಆ ಯಂತ್ರಕ್ಕೆ ಏರ್‌ಕಂಡೀಷನ್ ಕೋಣೆ ಬೇಕಂತೆ ಎಂಬ ಎರಡನೆಯ ಸುದ್ದಿ. ತಲೆ ನರೆಯುವವರೆಗೆ ದುಡಿದ ಮನುಷ್ಯರು ಒಂದು ಫ್ಯಾನಿನ ಗಾಳಿಯನ್ನು ಪಾಲು ಮಾಡಿಕೊಂಡು ಕೂತಿರುವಾಗ, ಇನ್ನೂ ಕೆಲಸಕ್ಕೇ ಸೇರದ ಕಬ್ಬಿಣದ ತುಂಡಿಗೆ ತಂಪು ಕೋಣೆ! ಮುಷ್ಕರ ಅನಿವಾರ್ಯವಾಯಿತು.

ವಡಾಲದ ನಮ್ಮ ಎರಡು ಕೋಣೆಯ ಮನೆ ಯುದ್ಧಭೂಮಿಯ ಡೇರೆಯಾಯಿತು. ನನ್ನ ಅಕ್ಷರ ದುಂಡಗಿದ್ದುದರಿಂದ ಫಲಕ ಬರೆಯುವ ಪವಿತ್ರ ಹೊಣೆ ನನ್ನ ಪಾಲಿಗೆ ಬಂತು. ಅಕ್ಷರದ ಜೊತೆ ಶತ್ರುವಿನ ಚಿತ್ರವೂ ಬೇಕೆಂದು ಅಪ್ಪನ ಸಹೋದ್ಯೋಗಿಗಳ ಆಗ್ರಹ. ಶತ್ರುವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ ಎನ್ನುವುದೊಂದೇ ತೊಡಕು.

“ಕಬ್ಬಿಣದ ಕಪಾಟಿನ ಹಾಗೆ ಇರ್ತದಂತೆ” ಎಂದರು ಒಬ್ಬರು.

“ಕಪಾಟು ನೋಡಿ ಯಾರು ಹೆದರ್ತಾರೆ ಮಾರಾಯ್ರೆ? ಹಲ್ಲು ಹಾಕು ಮಗಾ, ಹಲ್ಲು” ಎಂದರು ಇನ್ನೊಬ್ಬರು.

ನಾನು ಕಪಾಟಿಗೆ ಹಲ್ಲು ಹಾಕಿದೆ. ಯಕ್ಷಗಾನದ ರಾಕ್ಷಸನ ಮೀಸೆ ಹಚ್ಚಿದೆ. ಬಾಯಲ್ಲಿ ಅರ್ಧ ನುಂಗಿದ ಗುಮಾಸ್ತನೊಬ್ಬನನ್ನು ಟಿಫಿನ್ ಡಬ್ಬಿ ಸಮೇತ ನೇತುಹಾಕಿದೆ. ಆ ಚಿತ್ರ ಫೋರ್ಟಿನ ಬೀದಿಗಳಲ್ಲಿ ಮೆರೆಯಿತು. ಯಂತ್ರದ ಆಗಮನ ಮುಂದಕ್ಕೆ ಹೋಯಿತು. ಪ್ರತಿಭಟನೆ ಮಾತ್ರ ವರ್ಷವರ್ಷವೂ ವ್ರತದಂತೆ ನಡೆಯುತ್ತಿತ್ತು.

ಹೀಗೆ ಹಲ್ಲು ಬರೆದು ಬರೆದು ನನಗೆ ಶತ್ರುವಿನ ಮೇಲೇ ಮನಸ್ಸಾಯಿತು. ಹೇಳಿದಷ್ಟನ್ನೇ ಮಾಡುತ್ತದೆ, ಹೇಳಿದವನಿಗೆ ಎದುರುತ್ತರ ಕೊಡುವುದಿಲ್ಲ ಎಂದು ಅದರ ಬಗ್ಗೆ ಪತ್ರಿಕೆಯೊಂದರಲ್ಲಿ ಓದಿದೆ. ನನ್ನ ಮಾತು ಕೇಳುವುದೊಂದು ಈ ಮುಂಬಯಿಯಲ್ಲಿ ಕೊನೆಗೂ ಹುಟ್ಟಲಿದೆ ಎಂದು ರೋಮಾಂಚನವಾಯಿತು. ನಾನು ಕಾಲೇಜಿಗೆ ಸೇರುವ ಹೊತ್ತಿಗೆ, ಎಪ್ಪತ್ತರ ದಶಕದ ಆರಂಭದಲ್ಲಿ, ದೂರದ ಒಂದು ಕಾಲೇಜಿನಲ್ಲಿ ಗಣಿತದ ಜೊತೆ ಪ್ರೋಗ್ರಾಮಿಂಗ್ ಎಂಬ ಹೊಸ ವಿಷಯ ಕಲಿಸತೊಡಗಿದ್ದರು. ಮನೆಯ ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್ ಇತ್ತು. ನಾನು ಕಾಮರ್ಸ್ ಓದಿ, ದಾದರಿನಲ್ಲಿದ್ದ ಸೋದರಮಾವನ ಹೋಟೆಲಿನ ಗಲ್ಲಾದ ಮೇಲೆ ಕೂರುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ನಿಶ್ಚಯವಾಗಿತ್ತು.

ನಿಶ್ಚಯಿಸಿದ್ದು ಮಾವ. ನಮ್ಮದು ಅಳಿಯಸಂತಾನ, ಅಕ್ಕತಂಗಿಯರ ಮಕ್ಕಳ ಓದು, ಮದುವೆಗಳ ತೀರ್ಪು ಸೋದರಮಾವನದು. ಕಾನೂನು ಬದಲಾಗಿ ಬಹುಕಾಲವಾಗಿದ್ದರೂ ಆ ವರ್ತಮಾನ ನಮ್ಮ ಮಾವನಿಗೆ ಮುಟ್ಟಿರಲಿಲ್ಲ. ಅಪ್ಪನ ದರ್ಬಾರೆಲ್ಲ ಅವರ ತಂಗಿಯ ಮಕ್ಕಳ ಮೇಲೆ. ನನ್ನ ವಿಷಯದಲ್ಲಿ ಅವರಿಗಿದ್ದ ಹಕ್ಕು ಒಬ್ಬ ಮರ್ಯಾದಸ್ಥ ನೆರೆಯವನದು.

ಆ ಭಾನುವಾರ ಮಧ್ಯಾಹ್ನ ಮಾವ ಬಂದು ಮನೆಯ ಏಕೈಕ ಕುರ್ಚಿಯಲ್ಲಿ ಕೂತರು. ಅಪ್ಪ ಮಂಚದ ಅಂಚಿನಲ್ಲಿ ಪೇಪರು ಹಿಡಿದಿದ್ದರು.

“ನಾಳೆ ಹೋಗಿ ಕಾಮರ್ಸಿಗೆ ಸೇರು. ಮತ್ತೆ ಎಂತದು ಮಾತು?” ಎಂದರು ಮಾವ ನನಗೆ.

“ನನಗೆ ಪ್ರೋಗ್ರಾಮಿಂಗ್ ಕಲಿಯಬೇಕು ಮಾವ. ಕಂಪ್ಯೂಟರಿನದು” ಎಂದೆ.

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಬಂದರು. “ನಿನಗೆ ತಲೆ ಸರಿ ಉಂಟಾ? ಅಪ್ಪ ಬೀದಿಯಲ್ಲಿ ಅದಕ್ಕೆ ಧಿಕ್ಕಾರ ಕೂಗುವುದು, ಮಗ ಅದಕ್ಕೇ ಫೀಸು ಕಟ್ಟುವುದು! ಅವರು ಆಫೀಸಿನಲ್ಲಿ ಮುಖ ತೋರಿಸುವುದು ಬೇಡವಾ?”

ಅಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಕಾರ್ಯದರ್ಶಿಯ ಮಗನೇ ಆ ಕಡೆ ಹೋದನೆಂದರೆ ಅಪ್ಪನ ಮಾತಿಗೆ ಯೂನಿಯನ್ನಿನಲ್ಲಿ ಮೂರು ಕಾಸಿನ ಬೆಲೆ ಉಳಿಯುತ್ತಿರಲಿಲ್ಲ. ಅಪ್ಪನ ಆಸ್ತಿಯೆಂದರೆ ಆ ಮಾತಿನ ಬೆಲೆಯೊಂದೇ.

“ಕೇಳಿದಿರಾ ಭಾವ ನಿಮ್ಮ ಕುಮಾರಕಂಠೀರವನ ಮಾತು?” ಎಂದು ಮಾವ ನಕ್ಕರು. ಉತ್ತರ ಬರುತ್ತದೆಂದು ಕೇಳಿದ್ದಲ್ಲ.

ಅಪ್ಪ ಪೇಪರು ಮಡಚಿದರು. “ಅವನು ಅದನ್ನೇ ಕಲಿಯಲಿ.”

ಅಮ್ಮನ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಯಾರೂ ಒರೆಸಲಿಲ್ಲ. ಮದುವೆಯಾದಂದಿನಿಂದ ಮಾವನ ತೀರ್ಪಿನ ಎದುರು ಅಪ್ಪ ತುಟಿ ಬಿಚ್ಚಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಪಾಟಿಗೆ ನಿಜವಾಗಿಯೂ ಹಲ್ಲು ಬಂದಿದ್ದರೂ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

“ಎಂತ ಹೇಳಿದಿರಿ?” ಎಂದರು ಮಾವ.

“ಬಾರದ ವಸ್ತುವಿಗೆ ಯಾರಾದರೂ ಗೇಟಿನಲ್ಲಿ ನಿಂತು ಬೊಬ್ಬೆ ಹೊಡೀತಾರಾ ಭಾವ? ಅದು ಬರ್ತದೆ. ನಾವು ರಿಟೈರ್ ಆಗುವವರೆಗೆ ತಡೆಯುವುದು ನನ್ನ ಕೆಲಸ. ಆಮೇಲೆ ಅದರ ಹತ್ತಿರ ಯಾರಾದರೂ ಕೂರಬೇಕಲ್ಲ.”

“ಭಲೆ! ಹೊರಗೆ ಅಪ್ಪನ ಬೊಬ್ಬೆ, ಒಳಗೆ ಮಗನಿಗೆ ಏಸಿ!”

“ಹೌದು” ಎಂದರು ಅಪ್ಪ. ಅವರ ಕಿವಿ ಕೆಂಪಾಗಿತ್ತು.

ಮಾವ ಕಾಫಿಲೋಟ ಎತ್ತಿ, ಕುಡಿಯದೆ ಮತ್ತೆ ಕೆಳಗಿಟ್ಟರು. ಸಿಟ್ಟು ಬರಿಸಿಕೊಳ್ಳಲು ಪ್ರಯತ್ನಿಸುತ್ತಿದ್ದಂತೆ, ಅದು ಸಕಾಲಕ್ಕೆ ಬಾರದೆ ಪೇಚಿಗೆ ಸಿಕ್ಕಿದಂತೆ ಕಂಡಿತು. ಕೊನೆಗೆ ಎದ್ದು ಚಪ್ಪಲಿ ಮೆಟ್ಟುತ್ತ ಹೇಳಿದರು: “ಆಯಿತು, ಓದಲಿ. ನಿಮ್ಮ ಯೂನಿಯನ್ನಿನವರು ನಿಮ್ಮನ್ನು ಹೊರಗೆ ಹಾಕಿದರೆ ನನ್ನಲ್ಲಿ ಗಲ್ಲಾ ಖಾಲಿ ಉಂಟು ಭಾವ. ಬನ್ನಿ, ಕೂತುಕೊಳ್ಳಿ.”

ಹೊರಗೆ ಹಾಕುತ್ತಾರೆಂದೇ ಅಪ್ಪನ ಎಣಿಕೆಯೂ ಆಗಿತ್ತು. ಬೇರೆಯವರ ಬಾಯಿಂದ ತಿಳಿಯುವ ಮೊದಲು ತಾನೇ ಹೇಳಿ ರಾಜೀನಾಮೆ ಕೊಡುವುದೆಂದು ತೀರ್ಮಾನಿಸಿದರು. ಸೋಮವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತ ಕನ್ನಡಿಯ ಎದುರು ವಿದಾಯ ಭಾಷಣದ ತಾಲೀಮು ನಡೆಯಿತು. ಅದರಲ್ಲಿ ‘ಇತಿಹಾಸ’ ಎಂಬ ಶಬ್ದ ಬಂದಾಗಲೆಲ್ಲ ಬ್ಲೇಡು ಕೆನ್ನೆಯಿಂದ ದೂರ ಹೋಗುತ್ತಿತ್ತು.

ಸಂಜೆ ಲೋಕಲ್‌ನಿಂದ ಇಳಿದು ಮನೆಗೆ ಬಂದ ಅಪ್ಪನ ಮುಖ ಬಿಳಿಚಿಕೊಂಡಿತ್ತು.

“ಬೈದರಾ?” ಎಂದು ಅಮ್ಮ ಕೇಳಿದರು.

“ಇಲ್ಲ.”

“ಮತ್ತೆ?”

ಅಪ್ಪ ಹೇಳಿದ್ದಿಷ್ಟು. ಸಭೆಯಲ್ಲಿ ವಿಷಯ ತಿಳಿಸಿದರು. ಎಲ್ಲರೂ ರಾಜೀನಾಮೆ ಬೇಡವೆಂದು ಕೈ ಎತ್ತಿ ನಿರ್ಧರಿಸಿ ಎದ್ದರು. ಭಾಷಣ ಬಾಯಲ್ಲೇ ಉಳಿಯಿತು. ಊಟದ ಬಿಡುವಿನಲ್ಲಿ ಯೂನಿಯನ್ನಿನ ಖಜಾಂಚಿ ಅವರನ್ನು ಮೆಟ್ಟಿಲ ಹಿಂದಕ್ಕೆ ಕರೆದು, ಅತ್ತಿತ್ತ ನೋಡಿ, ಆ ಕಾಲೇಜಿನಲ್ಲಿ ಇನ್ನೂ ಸೀಟು ಉಂಟೇ ಎಂದು ಕೇಳಿದರು. ಚಹಾದ ಹೊತ್ತಿಗೆ ಇನ್ನೊಬ್ಬರು ಬಂದರು. ಮಗಳಿಗೆ ಗಣಿತದಲ್ಲಿ ಒಳ್ಳೆಯ ಮಾರ್ಕಂತೆ. ಸಂಜೆ ಸ್ಟೇಷನ್ನಿನಲ್ಲಿ ಬೆನ್ನು ಹತ್ತಿದವನು ಎಲ್ಲ ಮೆರವಣಿಗೆಗಳಲ್ಲೂ ಮುಂದೆ ನಿಂತು ಘೋಷಣೆ ಹೇಳಿಕೊಡುತ್ತಿದ್ದ ಮನುಷ್ಯ.

“ಮೇರೇ ಲಡ್ಕೇ ಕಾ ಭೀ ಕುಛ್ ಹೋ ಜಾಯೇಗಾ ಕ್ಯಾ, ನನ್ನ ಹುಡುಗನದೂ ಏನಾದರೂ ಆದೀತಾ, ಅಂತ ಕೇಳಿದ” ಎಂದರು ಅಪ್ಪ. “ಬೈದಿದ್ದರೆ ನನ್ನಲ್ಲಿ ಉತ್ತರ ಇತ್ತು ಮಾರಾಯ್ತಿ. ಇದಕ್ಕೆ ನಾನು ಎಂತ ಹೇಳುವುದು?”

ಸೋಲು ಬರುವುದೆಂದು ಅಪ್ಪ ತಿಳಿದಿದ್ದರು. ಅದನ್ನು ತಾನೊಬ್ಬನೇ ತಿಳಿದಿದ್ದೇನೆ, ಉಳಿದವರ ಧೈರ್ಯ ಕೆಡದಂತೆ ಎದೆಯಲ್ಲೇ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದರು. ಎಲ್ಲರೂ ಹಾಗೆಯೇ ಅಂದುಕೊಂಡು ಒಟ್ಟಿಗೆ ಕೂಗುತ್ತಿದ್ದರೆಂಬುದು ಅಂದು ತಿಳಿಯಿತು.

ನಾನು ಕಾಲೇಜಿಗೆ ಸೇರಿದೆ. ಅದೇ ವಾರ ಕಚೇರಿಯ ಗೇಟಿನಲ್ಲಿ ಮತ್ತೆ ಪ್ರತಿಭಟನೆ ಇತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಬಂದವರು ಬಿಸಿ ಉಪ್ಪುನೀರು ಕೇಳಿ, ಬಚ್ಚಲಿನಲ್ಲಿ ಗಂಟಲು ಮುಕ್ಕಳಿಸಿ, ಮುಖ ಒರೆಸಿಕೊಳ್ಳುತ್ತ ಹೇಳಿದರು:

“ಇವತ್ತು ಎಲ್ಲರೂ ಎಷ್ಟು ಜೋರು ಕೂಗಿದರು ಗೊತ್ತುಂಟಾ? ಮಕ್ಕಳಿಗೆ ಸೀಟು ಸಿಕ್ಕಿದವರ ಹಾಗೆ.”

ಅಮ್ಮ ನಕ್ಕರು. ಅಪ್ಪ ನಗಲಿಲ್ಲ.